ಲ್ಯಾಬ್ ಬಿಟ್ಟು ಊರಿಗೆ ಬಂದ ಮೇಲೆ

ತುಮಕೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದೆ. ಬರೆಯುವಾಗ ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಅಲ್ಲ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ನನ್ನ ಹಿಂದಿನ ಬ್ಯಾನರ್‌ನಲ್ಲಿದೆ. 'ವಿಶ್ವವಿದ್ಯಾಲಯಗಳ ತಂತ್ರಜ್ಞಾನ ವರ್ಗಾವಣೆ ಮತ್ತು ಪ್ರಾದೇಶಿಕ ಆರ್ಥಿಕ ಅಭಿವೃದ್ಧಿ'. ಬರೆಯೋಕೆ ಎರಡು ಸಾಲು ಬೇಕಾಗಿದೆ. ಈ ಹೆಸರಿನ ವಿಭಾಗದಲ್ಲೇ ನಾನು ಹದಿನೆಂಟು ವರ್ಷ ಕೆಲಸ ಮಾಡಿದ್ದೇನೆ. ಆದರೂ ನಮ್ಮಮ್ಮ 'ನಿಂದು ಏನಪ್ಪಾ ಕೆಲಸ' ಅಂತ ಕೇಳಿದಾಗ ಸರಿಯಾಗಿ ಉತ್ತರ ಕೊಡೋಕೆ ಆಗುತ್ತಿರಲಿಲ್ಲ. ಒಂದು ದಿನ ಹೇಳಿದೆ, 'ಕಾಲೇಜಿನ ಮೇಷ್ಟ್ರು ಏನಾದ್ರೂ ಕಂಡುಹಿಡೀತಾರಲ್ಲಮ್ಮ, ಅದನ್ನ ಹೊರಗಡೆ ಫ್ಯಾಕ್ಟರಿಯವರಿಗೆ ಗಂಟು ಹಾಕಿಸೋದು'. 'ಓ, ಮದುವೆ ಬ್ರೋಕರ್ರು' ಅಂದರು ಅಮ್ಮ. ಆಮೇಲೆ ಊರಿನವರಿಗೆಲ್ಲ ಹಾಗೇ ಹೇಳಿಕೊಂಡು ಬಂದರು.

ಅಮ್ಮ ಹೇಳಿದ್ದು ತಪ್ಪೇನಲ್ಲ. ಬ್ರೋಕರ್ ಜಾತಕ ತೋರಿಸುತ್ತಾನೆ, ಮಾತುಕತೆ ಆಡಿಸುತ್ತಾನೆ, ಕಮಿಷನ್ ತಗೊಂಡು ಹೋಗುತ್ತಾನೆ. ಸಂಸಾರ ನಡೀತೋ ಬಿಡ್ತೋ ಅವನಿಗೆ ಬೇಡ. ನಮ್ಮ ವಿಭಾಗಗಳು ಎಡವೋದೂ ಅಲ್ಲೇ. ಒಪ್ಪಂದಕ್ಕೆ ಸಹಿ ಆಯಿತು, ಶಾಲು ಹೊದಿಸಿದ್ದಾಯಿತು, ಫೋಟೋ ತೆಗೆಸಿದ್ದಾಯಿತು. ಅಷ್ಟಕ್ಕೇ ವರ್ಗಾವಣೆ ಮುಗೀತು ಅಂತ ಫೈಲು ಮುಚ್ಚುತ್ತೇವೆ. ನನ್ನ ಪ್ರಕಾರ ಅದು ಶುರುವಾಗೋದೇ ಆಗ. ಒಂದು ತಂತ್ರಜ್ಞಾನ ಒಂದು ಊರಿಗೆ ಬಂದಿದೆ ಅಂತ ನಾನು ಯಾವಾಗ ಒಪ್ಪುತ್ತೇನೆ ಗೊತ್ತಾ? ಅದು ಕೆಟ್ಟಾಗ ರಿಪೇರಿ ಮಾಡುವವನು ಅದೇ ತಾಲ್ಲೂಕಿನಲ್ಲಿ ಸಿಕ್ಕರೆ.

ಇಲ್ಲಿ ಯಾರ ಮನೆಯಿಂದೆಲ್ಲ ಡೇರಿಗೆ ಹಾಲು ಹಾಕುತ್ತೀರಿ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಸರಿ, ಹಾಗಾದರೆ ನಿಮಗೆ 'ಫ್ಯಾಟ್ ಎಷ್ಟು ಬಂತು' ಅನ್ನೋ ಮಾತು ಗೊತ್ತು. ಬೆಳಗ್ಗೆ ಕ್ಯಾನು ಹಿಡಿದು ನಿಂತಾಗ ಇಡೀ ಊರು ಆಡುವ ಮಾತು ಅದು. ಮೂರೂವರೆ ಬಂದರೆ ಮುಖ ಅರಳುತ್ತೆ, ಮೂರು ಬಂದರೆ ಸೆಕ್ರೆಟರಿ ಮೇಲೆ ಅನುಮಾನ. ಆ ಫ್ಯಾಟ್ ಲೆಕ್ಕದ ಹಿಂದೆ ಒಂದು ವಿಶ್ವವಿದ್ಯಾಲಯದ ಕಥೆ ಇದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯ. 1880ರ ದಶಕ. ಅಲ್ಲಿನ ರೈತರು ಗೋಧಿ ಬಿಟ್ಟು ಹಸು ಕಟ್ಟಲು ಶುರು ಮಾಡಿದ್ದರು. ಚೀಸ್ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಹಾಲು ಹಾಕುತ್ತಿದ್ದರು. ದುಡ್ಡು ಮಾತ್ರ ತೂಕದ ಮೇಲೆ. ಇನ್ನೇನು ಬೇಕು? ನೀರು ಬೆರೆಸಿದವನಿಗೂ ಅದೇ ದುಡ್ಡು, ಕೆನೆ ತೆಗೆದುಕೊಂಡು ಹಾಕಿದವನಿಗೂ ಅದೇ ದುಡ್ಡು. ಒಳ್ಳೆ ಹಾಲು ಹಾಕಿದವನು ಪೆದ್ದ. ಹಾಲಲ್ಲಿ ಕೊಬ್ಬು ಎಷ್ಟಿದೆ ಅಂತ ಅಳೆಯೋಕೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ದಾರಿ ಇತ್ತು. ಆದರೆ ಅದಕ್ಕೆ ಕೆಮಿಸ್ಟೇ ಬೇಕು, ಹೊತ್ತೂ ಜಾಸ್ತಿ ಬೇಕು. ಹಳ್ಳಿಯ ಚೀಸ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಎಲ್ಲಿಂದ ಬರಬೇಕು?

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಒಂದು ಸುಲಭದ ಪರೀಕ್ಷೆ ಹೊರತಂದರು. ಉದ್ದ ಕತ್ತಿನ ಒಂದು ಗಾಜಿನ ಬಾಟಲಿ. ಅದಕ್ಕೆ ಅಳತೆ ಹಾಲು, ಅಷ್ಟೇ ಅಳತೆಯ ಸಲ್ಫ್ಯೂರಿಕ್ ಆಸಿಡ್. ಕೊಬ್ಬೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಸಿಡ್ ಕರಗಿಸಿಬಿಡುತ್ತೆ. ಬಾಟಲಿಗಳನ್ನು ಚಕ್ರಕ್ಕೆ ಸಿಕ್ಕಿಸಿ ಕೈಯಲ್ಲಿ ಗರಗರ ತಿರುಗಿಸಬೇಕು. ಬಿಸಿ ನೀರು ಹಾಕಬೇಕು. ಕೊಬ್ಬು ಮೇಲೆದ್ದು ಬಾಟಲಿಯ ಕತ್ತಿನಲ್ಲಿ ಹಳದಿ ಪಟ್ಟಿಯಾಗಿ ನಿಲ್ಲುತ್ತೆ. ಕತ್ತಿನ ಮೇಲೆ ಗೆರೆ ಹಾಕಿದೆ, ಓದಿಕೊಂಡರಾಯಿತು. ಸ್ವಲ್ಪ ತಾಳ್ಮೆ ಇದ್ದವರು ಯಾರು ಬೇಕಾದರೂ ಮಾಡಬಹುದು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಗರ್ಬರ್ ಅನ್ನುವವರು ಇದೇ ತತ್ತ್ವದ ಇನ್ನೊಂದು ವಿಧಾನ ಮಾಡಿದರು. ನಮ್ಮ ಹಾಲಿನ ಸೊಸೈಟಿಗಳಿಗೆ ಬಂದದ್ದು ಆ ಗರ್ಬರ್ ಬಾಟಲಿ. ನಿಮ್ಮ ತಂದೆ ತಾಯಿಯನ್ನು ಕೇಳಿ ನೋಡಿ, ಆಸಿಡ್ ವಾಸನೆ ಅವರಿಗೆ ನೆನಪಿರುತ್ತೆ.

ಬ್ಯಾಬ್‌ಕಾಕ್ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ವಿಶ್ವವಿದ್ಯಾಲಯದ ಬುಲೆಟಿನ್‌ನಲ್ಲಿ ಅಚ್ಚು ಹಾಕಿಸಿ ಬಿಟ್ಟರು. ಯಾರು ಬೇಕಾದರೂ ಬಾಟಲಿ ಮಾಡಿ, ಯಾರು ಬೇಕಾದರೂ ಮಾರಿ. ಆದರೆ ವಿಶ್ವವಿದ್ಯಾಲಯ ಬುಲೆಟಿನ್ ಹಂಚಿ ಸುಮ್ನೆ ಕೂರಲಿಲ್ಲ. ಅದೇ ವರ್ಷ ಒಂದು ಡೇರಿ ಶಾಲೆ ತೆರೆಯಿತು. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ರೈತರ ಮಕ್ಕಳು ಬಂದು ಕೆಲವು ವಾರ ಕಲಿತು ಹೋಗುವ ಕೋರ್ಸು. ಡಿಗ್ರಿ ಗಿಗ್ರಿ ಏನಿಲ್ಲ. ಬೆಣ್ಣೆ ಮಾಡೋದು, ಚೀಸ್ ಮಾಡೋದು, ಈ ಪರೀಕ್ಷೆ ಮಾಡೋದು. ಅವರು ವಾಪಸ್ ಹೋಗಿ ಕಾರ್ಖಾನೆಗಳಲ್ಲಿ ಕೆಲಸಕ್ಕೆ ನಿಂತರು. ಫ್ಯಾಟ್ ನೋಡಿ ದುಡ್ಡು ಕೊಡುವುದು ಶುರುವಾದ ಮೇಲೆ ಯಾವ ಹಸು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಅಂತ ರೈತನಿಗೂ ಗೊತ್ತಾಯಿತು. ವಿಸ್ಕಾನ್ಸಿನ್ ಇವತ್ತಿಗೂ ತನ್ನ ವಾಹನಗಳ ನಂಬರ್ ಪ್ಲೇಟ್ ಮೇಲೆ 'ಡೇರಿ ನಾಡು' ಅಂತ ಬರೆದುಕೊಳ್ಳುತ್ತೆ.

ಈಗ ತಮಾಷೆ ಕೇಳಿ. ಅದೇ ವಿಶ್ವವಿದ್ಯಾಲಯದಲ್ಲಿ ಮೂವತ್ತು ಚಿಲ್ಲರೆ ವರ್ಷ ಆದ ಮೇಲೆ ಹ್ಯಾರಿ ಸ್ಟೀನ್‌ಬಾಕ್ ಅಂತ ಇನ್ನೊಬ್ಬರು ಪೂರ್ತಿ ಉಲ್ಟಾ ಮಾಡಿದರು. ಆಹಾರಕ್ಕೆ ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚುತ್ತೆ ಅಂತ ಅವರು ತೋರಿಸಿಕೊಟ್ಟರು. ಆಗ ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗ ಬಹಳ ಇತ್ತು. ದೊಡ್ಡ ಸಂಶೋಧನೆಯೇ. ಸ್ಟೀನ್‌ಬಾಕ್ ಪೇಟೆಂಟ್ ಮಾಡಿಸಿದರು. ಯಾಕೆ ಅಂದರೆ ಬೆಣ್ಣೆಯ ಬದಲು ಬಳಸುವ ಮಾರ್ಗರಿನ್ ತಯಾರಕರ ಕೈಗೆ ಇದು ಸಿಕ್ಕರೆ ವಿಸ್ಕಾನ್ಸಿನ್ ಡೇರಿಗಳ ಗತಿ ಏನು? ಊರಿನ ಹಸು ಕಾಯೋಕೆ ಪೇಟೆಂಟು! ಅದನ್ನು ನೋಡಿಕೊಳ್ಳಲು 1925ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಅದಕ್ಕೆ ವಾರ್ಫ್ ಅಂತ ಹೆಸರು. ನಾವು ಕೆಲಸ ಮಾಡುವಂಥ ಆಫೀಸುಗಳಿಗೆಲ್ಲ ಅದು ಅಜ್ಜಿ ಇದ್ದ ಹಾಗೆ. ಲೈಸೆನ್ಸ್ ದುಡ್ಡು ಬಂತು, ಮತ್ತೆ ಸಂಶೋಧನೆಗೇ ಹೋಯಿತು. ಬಡವರು ತಿನ್ನುವ ಮಾರ್ಗರಿನ್‌ಗೆ ವಿಟಮಿನ್ ಸಿಗದ ಹಾಗೆ ಮಾಡಿದ್ದೀರಲ್ಲ ಅಂತ ಬೈಗುಳವೂ ಬಂತು. 1940ರ ದಶಕದಲ್ಲಿ ಕೋರ್ಟು ಆ ಪೇಟೆಂಟು ಊರ್ಜಿತವಲ್ಲ ಅಂದಿತು.

ಅಂದರೆ ಒಂದೇ ವಿಶ್ವವಿದ್ಯಾಲಯ, ಒಂದೇ ಊರಿನ ಹಿತ. ಒಬ್ಬರು ಬಿಟ್ಟಿ ಕೊಟ್ಟು ಬೆಳೆಸಿದರು, ಇನ್ನೊಬ್ಬರು ಬೀಗ ಹಾಕಿ ಕಾಯಲು ಹೋದರು. ನನಗೆ ಬ್ಯಾಬ್‌ಕಾಕ್ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಮುಚ್ಚಿಡೋದಿಲ್ಲ.

1980ರಲ್ಲಿ ಅಮೆರಿಕ ಬೇ-ಡೋಲ್ ಕಾಯ್ದೆ ತಂದಿತು. ಸರ್ಕಾರದ ದುಡ್ಡಿನಲ್ಲಿ ಕಂಡುಹಿಡಿದದ್ದಕ್ಕೂ ವಿಶ್ವವಿದ್ಯಾಲಯವೇ ಪೇಟೆಂಟ್ ಇಟ್ಟುಕೊಳ್ಳಬಹುದು, ಲೈಸೆನ್ಸ್ ಕೊಡಬಹುದು ಅಂತ. ಆಮೇಲೆ ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದು ವರ್ಗಾವಣೆ ಆಫೀಸು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ, ಲೈಸೆನ್ಸಿಗೆ ಬದಲಾಗಿ ಬಂದ ಗೂಗಲ್ ಷೇರು ಮಾರಿ 33 ಕೋಟಿ ಡಾಲರ್‌ಗೂ ಜಾಸ್ತಿ ಸಿಕ್ಕಿದ ಕಥೆ ಎಲ್ಲ ಕುಲಪತಿಗಳಿಗೂ ಬಾಯಿಪಾಠ. ಅದು ಲಾಟರಿ ಹೊಡೆದವನ ಕಥೆ. ಅಲ್ಲಿನ ಹೆಚ್ಚಿನ ಆಫೀಸುಗಳಿಗೆ ಲೈಸೆನ್ಸಿನಿಂದ ಬರುವ ದುಡ್ಡು ತಮ್ಮದೇ ಸಂಬಳ, ವಕೀಲರ ಫೀಸಿಗೆ ಸಾಲುವುದಿಲ್ಲ. ನಮ್ಮಲ್ಲೂ ಅದೇ ಮಾದರಿಯ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು. 2014ರಲ್ಲಿ ವಾಪಸ್ ಹೋಯಿತು. ಅದರ ಬಗ್ಗೆ ಇಷ್ಟು ಸಾಕು, ನಿದ್ದೆ ಬರುತ್ತೆ.

ನಮ್ಮ ಮನೆ ಕಥೆಗೆ ಬರೋಣ. ಬಚ್ಚಲು ಮನೆಗೆ ಅಂತಲೇ ಹೇಳಬೇಕು. ಮೈಸೂರ್ ಸ್ಯಾಂಡಲ್ ಸೋಪು.

ಗಂಧದ ಮರ ಮೈಸೂರು ಸಂಸ್ಥಾನದ ಸೊತ್ತು. ನಿಮ್ಮ ಹೊಲದಲ್ಲೇ ಹುಟ್ಟಿದ್ದರೂ ಅದು ಅರಮನೆಯದ್ದು. ಕಡಿದು, ಹರಾಜು ಹಾಕಿ, ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. ದೊಡ್ಡ ಗಿರಾಕಿ ಜರ್ಮನಿ. ಎಣ್ಣೆ ಬಟ್ಟಿ ಇಳಿಸೋದು, ಅದರಲ್ಲಿ ದುಡ್ಡು ಮಾಡೋದು ಎಲ್ಲ ಅಲ್ಲಿ. ನಮ್ಮದು ಬರೀ ಮರ ಕಡಿದು ಕೊಡುವ ಕೆಲಸ. 1914ರಲ್ಲಿ ಮಹಾಯುದ್ಧ ಶುರುವಾಯಿತು. ಗಿರಾಕಿಯೇ ಶತ್ರು ದೇಶವಾದ. ಮರ ರಾಶಿ ಬಿತ್ತು.

ಸಂಸ್ಥಾನದ ಕೈಗಾರಿಕೆ ನೋಡಿಕೊಳ್ಳುತ್ತಿದ್ದವರು ಆಲ್ಫ್ರೆಡ್ ಚಾಟರ್ಟನ್. ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ, ಆಗಿನ್ನೂ ಹಸುಗೂಸು. ಅಲ್ಲಿನ ಕೆಮಿಸ್ಟ್ರಿ ಪ್ರೊಫೆಸರ್‌ಗಳಾದ ಸಡ್‌ಬರೋ ಮತ್ತು ವಾಟ್ಸನ್ ಲ್ಯಾಬಿನಲ್ಲಿ ಗಂಧದೆಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಲ್ಯಾಬಿನಿಂದ ಕಾರ್ಖಾನೆಗೆ ಎಷ್ಟು ಹೊತ್ತು ಹಿಡಿಯಿತು ನೋಡಿ! ನಮ್ಮ ಕಾಲದಲ್ಲಿ ಅಷ್ಟರೊಳಗೆ ಸಮಿತಿ ರಚನೆಯೂ ಆಗುತ್ತಿರಲಿಲ್ಲ.

ಸೋಪಿನ ಕಥೆ ಅದಾದ ಮೇಲೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಯಾರೋ ವಿದೇಶಿಯರು ಗಂಧದೆಣ್ಣೆಯ ಸೋಪು ಉಡುಗೊರೆ ಕೊಟ್ಟರು ಅಂತ ಹೇಳುತ್ತಾರೆ. ನಮ್ಮ ಎಣ್ಣೆ, ಅವರ ಸೋಪು. ನಾವೇ ಯಾಕೆ ಮಾಡಬಾರದು ಅನ್ನಿಸಿರಬೇಕು. ಬೊಂಬಾಯಿಯಿಂದ ಸೋಪು ಬಲ್ಲವರನ್ನು ಕರೆಸಿದರು. ಪ್ರಯೋಗ ನಡೆದದ್ದು ಮತ್ತೆ ಅದೇ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ. ಅಲ್ಲಿ ಕಣ್ಣಿಗೆ ಬಿದ್ದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಅವರನ್ನು ಇಂಗ್ಲೆಂಡಿಗೆ ಕಳಿಸಿ ಸೋಪು ವಿದ್ಯೆ ಕಲಿಸಿದರು. ವಾಪಸ್ ಬಂದು ಕಾರ್ಖಾನೆ ಕಟ್ಟಿ ನಿಲ್ಲಿಸಿದರು. ಜನ ಅವರನ್ನು ಕರೆದದ್ದೇ 'ಸೋಪು ಶಾಸ್ತ್ರಿ' ಅಂತ. ಮೊಟ್ಟೆಯಾಕಾರದ ಆ ಸೋಪು, ಒಡವೆ ಡಬ್ಬಿಯ ಹಾಗಿರುವ ಹೂವಿನ ಚಿತ್ರದ ಪೆಟ್ಟಿಗೆ, ಮೇಲೆ ಆನೆ ತಲೆ ಸಿಂಹದ ಮೈಯ ಶರಭ. ನೂರು ವರ್ಷ ದಾಟಿದರೂ ನಮ್ಮ ಕಡೆ ಮದುವೆ ತಾಂಬೂಲದಲ್ಲಿ ಬೇರೆ ಸೋಪು ಇಟ್ಟರೆ ಹಿರಿಯರು ಮೂಗು ಮುರಿಯುತ್ತಾರೆ. 2006ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ವಿಶೇಷ ವಸ್ತು ಅನ್ನುವ ಕಾನೂನಿನ ಗುರುತು, ಸಿಕ್ಕಿತು.

ಇಲ್ಲಿ ವರ್ಗಾವಣೆ ಆದದ್ದು ಯಾವುದು? ಲ್ಯಾಬಿನ ಕಾಗದ ಅಂತ ನನಗೆ ಅನ್ನಿಸೋದಿಲ್ಲ. ಶಾಸ್ತ್ರಿಗಳು. ಲ್ಯಾಬಿನಲ್ಲೂ ನಿಂತವರು, ಕಾರ್ಖಾನೆಯಲ್ಲೂ ನಿಂತವರು. ಒಂದು ಮನುಷ್ಯನ ಎರಡು ಕಾಲಿನ ಮೇಲೆ ನಡೆದುಕೊಂಡು ಬಂತು ಆ ತಂತ್ರಜ್ಞಾನ.

ಆದರೆ ಪೂರ್ತಿ ಹೊಗಳೋಕೂ ಆಗಲ್ಲ. ಎಣ್ಣೆ ತೆಗೆಯೋದು ಕಲಿತರು, ಸೋಪು ಮಾಡೋದು ಕಲಿತರು. ಮರ ಬೆಳೆಸುವ ರೈತನನ್ನು ಈ ಲೆಕ್ಕದೊಳಗೆ ಸೇರಿಸಲೇ ಇಲ್ಲ. ಹೊಲದಲ್ಲಿ ಗಂಧದ ಸಸಿ ಹುಟ್ಟಿದರೆ ಅದು ಸರ್ಕಾರದ್ದು, ಕಳುವಾದರೆ ಕೇಸು ನಿಮ್ಮ ಮೇಲೆ. ಯಾರು ಬೆಳೆಸುತ್ತಾರೆ? ಎಷ್ಟೋ ಜನ ರಾತ್ರೋರಾತ್ರಿ ಕಿತ್ತು ಬಿಸಾಡಿದರು. ಆಮೇಲೆ ಗಂಧದೆಣ್ಣೆ ಕಾರ್ಖಾನೆಗಳು ಮರ ಸಿಗದೆ ಸೊರಗಿದವು. ಕಾನೂನು ಬದಲಾಗಿದ್ದು 2001ರಲ್ಲಿ.

ಇನ್ನೊಂದು ಮೈಸೂರು ಕಥೆ ಬೇಗ ಹೇಳಿ ಮುಗಿಸುತ್ತೇನೆ. ಎಮ್ಮೆ ಹಾಲಿನಿಂದ ಹಸುಗೂಸಿನ ಆಹಾರ ಮಾಡೋಕಾಗಲ್ಲ ಅಂತ ಒಂದು ಕಾಲಕ್ಕೆ ಹೊರದೇಶದ ತಜ್ಞರು ಹೇಳುತ್ತಿದ್ದರು. ಮೈಸೂರಿನ ಸಿಎಫ್‌ಟಿಆರ್‌ಐ, ಅದೇ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಆಹಾರ ಸಂಶೋಧನಾಲಯ, 1950ರ ದಶಕದಲ್ಲಿ ಅದನ್ನು ಮಾಡಿ ತೋರಿಸಿತು. ಆದರೆ ಡಬ್ಬಿ ಹೊರಬಂದದ್ದು ಎಲ್ಲಿ? ಗುಜರಾತಿನ ಆಣಂದ್‌ನಲ್ಲಿ. ಅಮುಲ್. ಸಂಶೋಧನೆ ನಮ್ಮದು, ಕೆಲಸ ಅವರಿಗೆ. ಹೊಟ್ಟೆಕಿಚ್ಚು ಪಡುವಂಥದ್ದೇನಿಲ್ಲ. ಅಲ್ಲಿ ಹಾಲಿತ್ತು, ಹಾಲು ಕೂಡಿಸುವ ಸಹಕಾರ ಸಂಘ ಇತ್ತು, ತಗೊಳ್ಳೋಕೆ ಕೈ ಚಾಚಿ ನಿಂತವರು ಇದ್ದರು. ಲ್ಯಾಬ್ ಪಕ್ಕದಲ್ಲಿದೆ ಅಂದ ಮಾತ್ರಕ್ಕೆ ಕೆಲಸ ಪಕ್ಕದ ಬೀದಿಗೆ ಬರಲ್ಲ.

ಇದಕ್ಕೆ ಉಲ್ಟಾ ನಿಮ್ಮ ಬೆರಳಲ್ಲೇ ಇದೆ. ವೋಟು ಹಾಕಿದಾಗ ಹಚ್ಚುವ ಶಾಯಿ. ಸೂತ್ರ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಮಾಡೋದು ಮೈಸೂರಿನ ಬಣ್ಣದ ಕಾರ್ಖಾನೆ. ಅದು 1937ರಲ್ಲಿ ಅರಗು, ಬಣ್ಣ ಮಾಡಲು ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಇವತ್ತಿನವರೆಗೂ ಚುನಾವಣಾ ಆಯೋಗಕ್ಕೆ ಶಾಯಿ ಕೊಡೋದು ಅವರೊಬ್ಬರೇ. ಹೊರದೇಶಗಳಿಗೂ ಹೋಗುತ್ತೆ. ದಿಲ್ಲಿಯ ಲ್ಯಾಬಿಗೂ ಮೈಸೂರಿಗೂ ಎರಡು ಸಾವಿರ ಕಿಲೋಮೀಟರ್ ಇದೆ. ಇಲ್ಲಿ ಬಣ್ಣ ಅರೆಯೋಕೆ ಬರುವ ಕೈಗಳಿದ್ದವು, ಬಂತು.

ಈಗ ನಿಮ್ಮ ಜಿಲ್ಲೆಗೆ ಬರುತ್ತೇನೆ. ಕುಣಿಗಲ್ ಕಡೆಯವರು ಯಾರಿದ್ದೀರಿ? ಉಂಗ್ರ ಗೊತ್ತಾ?

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅಂತ ಒಬ್ಬ ಪ್ರೊಫೆಸರ್. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತಿಗೆಲ್ಲ ಹೆಸರಾದವರು. ಅವರು ಇದ್ದಕ್ಕಿದ್ದ ಹಾಗೆ ಹಳ್ಳಿ ಕಡೆ ತಿರುಗಿ 'ಅಸ್ತ್ರ' ಅನ್ನುವ ಗುಂಪು ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋದು ಅದರ ಕೆಲಸ. ಬೆಂಗಳೂರಿನ ಲ್ಯಾಬಿನಲ್ಲಿ ಕೂತು ಹಳ್ಳಿಗೇನು ಬೇಕು ಅಂತ ಊಹೆ ಮಾಡೋದು ಬೇಡ ಅಂತ ಉಂಗ್ರದಲ್ಲಿ ಒಂದು ಕೇಂದ್ರ ಮಾಡಿದರು. ಮೊದಲು ಮಾಡಿದ ಕೆಲಸ ಏನು ಗೊತ್ತಾ? ಯಂತ್ರ ಗಿಂತ್ರ ಏನಿಲ್ಲ, ಲೆಕ್ಕ ಹಾಕಿದರು. ಒಂದು ಮನೆ ದಿನಕ್ಕೆ ಎಷ್ಟು ಸೌದೆ ಉರಿಸುತ್ತೆ, ಸೌದೆಗೆ ಹೆಂಗಸರು ಎಷ್ಟು ದೂರ ನಡೀತಾರೆ, ನೀರಿಗೆ ಎಷ್ಟು ಹೊತ್ತು. ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ಸೌದೆಯದ್ದು, ಅದು ಉರಿಯೋದು ಅಡುಗೆ ಒಲೆಯಲ್ಲಿ ಅನ್ನೋದು ಆ ಲೆಕ್ಕದಿಂದ ಹೊರಬಂತು.

ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ನಿಮ್ಮ ಅಜ್ಜಿ ಮನೆಗಳಲ್ಲಿ ನೋಡಿರಬಹುದು. ಸಾಲಾಗಿ ಮೂರು ಪಾತ್ರೆ ಕೂರುವ ಒಲೆ. ಒಂದು ಕಡೆ ಸೌದೆ ಬಾಯಿ, ಕೆಳಗೆ ಜಾಲರಿ, ಇನ್ನೊಂದು ತುದಿಗೆ ಹೊಗೆ ಕೊಳವೆ. ಬೆಂಕಿ ಮೊದಲ ಪಾತ್ರೆಗೆ ತಾಗುತ್ತೆ. ಬಿಸಿ ಗಾಳಿ ಎರಡನೆಯದರ ಕೆಳಗೆ, ಮೂರನೆಯದರ ಕೆಳಗೆ ಹಾದು ಕೊಳವೆಯಲ್ಲಿ ಹೊರಗೆ ಹೋಗುತ್ತೆ. ಮೊದಲನೆಯದರಲ್ಲಿ ಮುದ್ದೆಗೆ ಎಸರು, ನಡುವೆ ಸಾರು, ಕೊನೆಯದರಲ್ಲಿ ಸುಮ್ನೆ ಬಿಸಿನೀರು. ಸೌದೆ ಉಳೀತು, ಕಣ್ಣು ಉರಿಯೋದು ತಪ್ಪಿತು.

ನೋಡೋಕೆ ಇದು ಬರೀ ಮಣ್ಣು, ಇಟ್ಟಿಗೆ. ಆದರೆ ಅಳತೆಯಲ್ಲಿದೆ ಇದರ ಜೀವ. ಬೆಂಕಿಗೂ ಪಾತ್ರೆಯ ತಳಕ್ಕೂ ಇರುವ ಅಂತರ, ಬಿಸಿಗಾಳಿ ಹಾಯುವ ಸಂದಿ. ಸಂದಿ ಜಾಸ್ತಿಯಾದರೆ ಬಿಸಿ ಪಾತ್ರೆಗೆ ತಾಗದೆ ಸೀದಾ ಕೊಳವೆಗೆ ಹೋಗುತ್ತೆ. ಕಮ್ಮಿಯಾದರೆ ಹೊಗೆ ವಾಪಸ್ ಅಡುಗೆ ಮನೆಗೆ. ಹಾಗಾಗಿ ಒಲೆಯನ್ನು ಹಳ್ಳಿಗೆ ಕಳಿಸೋದು ಅಂದರೆ ಒಲೆ ಕಟ್ಟುವವರನ್ನು ತಯಾರು ಮಾಡೋದು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದಕ್ಕೆ ತರಬೇತಿ ನಡೆಸಿತು. ಲಕ್ಷಗಟ್ಟಲೆ ಒಲೆಗಳು ಕಟ್ಟಲ್ಪಟ್ಟವು. ಕೈ ಪಳಗಿದವರು ಕಟ್ಟಿದ ಒಲೆ ವರ್ಷಗಟ್ಟಲೆ ಉರಿಯಿತು. ಟಾರ್ಗೆಟ್ ಮುಟ್ಟಿಸೋಕೆ ಅವಸರದಲ್ಲಿ ಕಟ್ಟಿದ ಒಲೆಗಳ ಮೇಲೆ ನಾನೇ ಕಣ್ಣಾರೆ ಕೊಡ, ಬಿಂದಿಗೆ ಜೋಡಿಸಿಟ್ಟಿದ್ದು ನೋಡಿದ್ದೇನೆ. ಪಕ್ಕದಲ್ಲೇ ಮೂರು ಕಲ್ಲಿನ ಒಲೆ ಉರೀತಾ ಇತ್ತು. ಎರಡೂ ಸರ್ಕಾರದ ಲೆಕ್ಕದಲ್ಲಿ ಒಂದೊಂದು ಒಲೆಯೇ.

ಅದೇ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಮಾಡಿದರು. ಮೊದಲು ಅಡುಗೆಗೆ ಅಂತ ಅಂದುಕೊಂಡಿದ್ದು. ಅಷ್ಟು ಸಗಣಿ ಸಿಗಲಿಲ್ಲ. ಊರಿನವರ ಜೊತೆ ಕೂತು ಮಾತಾಡಿ ಗ್ಯಾಸಿನಿಂದ ಇಂಜಿನ್ ಓಡಿಸಿ ಬೋರ್‌ವೆಲ್ ನೀರು ಎತ್ತಿದರು, ಮನೆಮನೆಗೆ ಲೈಟು ಕೊಟ್ಟರು. 1987ರಿಂದ ಹಾಗೆ ನಡೆಯಿತು. ಸಗಣಿ ಹೊತ್ತು ತಂದವರಿಗೆ ತೂಕದ ಮೇಲೆ ಕೂಲಿ. ಗ್ಯಾಸ್ ಬಿಟ್ಟ ಮೇಲಿನ ಬಗ್ಗಡ ಗೊಬ್ಬರವಾಗಿ ವಾಪಸ್. ನಡೆಸುತ್ತಿದ್ದವರು ಊರಿನ ಹುಡುಗರೇ. ಇಬ್ಬರು ಹುಡುಗರಿಗೆ ಕೆಲಸ ಅಂದರೆ ಅಂಕಿಅಂಶದಲ್ಲಿ ಏನೂ ಅಲ್ಲ ಅಂತ ನೀವನ್ನಬಹುದು. ಸಂಜೆ ನಲ್ಲಿಯಲ್ಲಿ ನೀರು ಬಂದಾಗ ಕೊಡ ಇಟ್ಟವರು ಹಾಗನ್ನುತ್ತಿರಲಿಲ್ಲ.

ನಿಮ್ಮ ಜಿಲ್ಲೆಯದ್ದೇ ಇನ್ನೂ ಹೊಸ ಕಥೆ ಒಂದಿದೆ, ಅದು ನನಗೆ ಬಹಳ ಇಷ್ಟ. ಗುಬ್ಬಿ ತಾಲ್ಲೂಕಿನ ಚೇಳೂರು. ಅಲ್ಲಿ ಒಬ್ಬ ರೈತರ ಜಮೀನಿನಲ್ಲಿ ಒಂದು ಹಳೇ ಹಲಸಿನ ಮರ. ಹಣ್ಣು ಪುಟ್ಟದು, ಎರಡೂವರೆ ಕೆಜಿ ಆಸುಪಾಸು. ಕೊಯ್ದರೆ ತೊಳೆ ತಾಮ್ರದ ಕೆಂಪು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿ ಇದು ಅಪರೂಪದ ತಳಿ ಅಂದರು. ರೈತರ ತಂದೆಯ ನೆನಪಿಗೆ 'ಸಿದ್ದು' ಅಂತ ಹೆಸರಿಟ್ಟರು. ಇಲ್ಲಿಯವರೆಗೆ ಮಾಮೂಲಿ. ಮುಂದಿನದ್ದು ನೋಡಿ. ಸಂಸ್ಥೆ 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಕಸಿ ಮಾಡೋದು ಸಂಸ್ಥೆ ಕಲಿಸುತ್ತೆ, ಸಸಿ ಮಾರಿದ ದುಡ್ಡಿನಲ್ಲಿ 75 ಭಾಗ ರೈತರಿಗೆ, 25 ಭಾಗ ಸಂಸ್ಥೆಗೆ. ಮರ ಯಾರದ್ದೋ ಪೇಟೆಂಟು ಯಾರದ್ದೋ ಅನ್ನುವ ಕಥೆ ನೂರು ಕೇಳಿದ್ದೀವಿ. ಇಲ್ಲಿ ವರ್ಗಾವಣೆ ಊರಿಂದ ಲ್ಯಾಬಿಗೆ ಹೋಗಿ ಮತ್ತೆ ಊರಿಗೆ ಬಂತು. ಒಂದೇ ಮರ, ಅಲ್ವಾ? ಅದರ ಕಸಿ ಗಿಡಗಳು ಈಗ ಎಷ್ಟೋ ಜನರ ತೋಟದಲ್ಲಿವೆ. ಸೌದೆಗೋ ಬಾಗಿಲಿಗೋ ಕಡಿದುಬಿಟ್ಟಿದ್ದರೆ ಅಲ್ಲಿಗೆ ಮುಗೀತಿತ್ತು.

ಹಲಸು ಅಂದ ತಕ್ಷಣ ನನ್ನದೇ ಒಂದು ಎಡವಟ್ಟು ಹೇಳಬೇಕು. ಹೆಸರು, ಊರು ಬೇಡ.

ನಾನಿದ್ದ ಕಡೆ ಒಬ್ಬ ಪ್ರೊಫೆಸರ್ ಹಣ್ಣು ಒಣಗಿಸುವ ಡ್ರೈಯರ್ ಮಾಡಿದ್ದರು. ಬಹಳ ಚೆನ್ನಾಗಿತ್ತು. ಟ್ರೇ ಮೇಲೆ ಟ್ರೇ, ಬಿಸಿಯನ್ನು ಒಂದು ಡಿಗ್ರಿ ಆಚೀಚೆ ಆಗದ ಹಾಗೆ ಹಿಡಿಯುವ ಸರ್ಕ್ಯೂಟು. ಪೇಟೆಂಟ್ ಇದ್ದದ್ದು ಆ ಸರ್ಕ್ಯೂಟಿಗೆ. ಮಲೆನಾಡಿನ ಒಂದು ಮಹಿಳಾ ಸ್ವಸಹಾಯ ಸಂಘಕ್ಕೆ ಕೊಡಿಸಿದೆ. ಅಲ್ಲಿ ಹಲಸು ಹಣ್ಣಾಗುವ ಹೊತ್ತಿಗೆ ಮಳೆ ಹಿಡಿದುಬಿಡುತ್ತೆ, ಬಿಸಿಲಲ್ಲಿ ಒಣಗಿಸೋಕೆ ಆಗಲ್ಲ. ಹೇಳಿ ಮಾಡಿಸಿದ ಹಾಗಿತ್ತು ಜೋಡಿ. ಬ್ಯಾಂಕ್ ಸಾಲ ಆಯಿತು, ಉದ್ಘಾಟನೆ ಆಯಿತು, ಹೋಳಿಗೆ ಊಟ ಆಯಿತು.

ಹದಿನೈದು ದಿನಕ್ಕೆ ಸಂಘದ ಅಧ್ಯಕ್ಷೆ ಫೋನ್ ಮಾಡಿದರು. 'ಸರ್, ನೀವೊಂದ್ಸಲ ಬಂದು ಹೋಗಿ. ರಾತ್ರಿ ಬನ್ನಿ.' ರಾತ್ರಿ ಯಾಕಮ್ಮ ಅಂದೆ. 'ಬನ್ನಿ ಗೊತ್ತಾಗುತ್ತೆ' ಅಂದರು.

ಹೋದೆ. ಡ್ರೈಯರ್‌ಗೆ ತ್ರೀ ಫೇಸ್ ಬೇಕು. ಆ ಊರಿಗೆ ತ್ರೀ ಫೇಸ್ ಬರೋದು ಪಂಪ್‌ಸೆಟ್ ಲೆಕ್ಕದಲ್ಲಿ, ಆ ವಾರ ರಾತ್ರಿ ಪಾಳಿ. ಮಧ್ಯರಾತ್ರಿ ದಾಟಿದ ಮೇಲೆ ಕರೆಂಟು ಬಂತು. ಟಾರ್ಚು, ಛತ್ರಿ ಹಿಡಿದು ಆರು ಜನ ಹೆಂಗಸರು ಗದ್ದೆ ಬದುವಿನ ಮೇಲೆ ಬಂದರು. ಒಬ್ಬರ ಸೊಂಟದಲ್ಲಿ ನಿದ್ದೆ ಹೋದ ಮಗು. ಟ್ರೇ ತುಂಬಿಸಿ ಸ್ವಿಚ್ ಹಾಕಿದರು. ಎಂಟು ಗಂಟೆ ಸತತ ಓಡಬೇಕಾದ ಮಿಷನ್ನು ಎರಡು ತಾಸಿಗೆ ನಿಂತಿತು. ಮಾರನೇ ಬೆಳಗ್ಗೆ ಬಾಗಿಲು ತೆಗೆದರೆ ಅರೆಬರೆ ಒಣಗಿದ ತೊಳೆಯ ಹುಳಿ ವಾಸನೆ ಗಪ್ಪಂತ ಮುಖಕ್ಕೆ ಹೊಡೆಯಿತು. 'ಮೂರು ಸಲ ದನಕ್ಕೆ ಹಾಕಿದ್ದೀವಿ ಸರ್' ಅಂದರು ಅಧ್ಯಕ್ಷೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಲ್ಯಾಬಿನಲ್ಲಿ ತ್ರೀ ಫೇಸ್ ಯಾವತ್ತೂ ಹೋಗಿರಲಿಲ್ಲ. ಹಾಗಾಗಿ ಕೇಳಬೇಕು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ನನಗೂ.

ದಾರಿ ತೋರಿಸಿದ್ದು ನಾವಲ್ಲ. ಪಕ್ಕದ ಪೇಟೆಯ ವೆಲ್ಡಿಂಗ್ ಶಾಪಿನವನು. ಅಡಿಕೆ ಒಣಗಿಸುವ ಸೌದೆ ಗೂಡು ಮಾಡಿ ಅವನಿಗೆ ಅಭ್ಯಾಸ ಇತ್ತು. ಡ್ರೈಯರ್ ಒಳಗಿನ ಕಾಯಿಲ್ ಕಿತ್ತು ಹಾಕಿದ. ಕೆಳಗೆ ಸೌದೆ ಪೆಟ್ಟಿಗೆ ಕೂರಿಸಿದ. ಗಾಳಿ ಊದುವ ಫ್ಯಾನಿಗೆ ಮಾತ್ರ ಸಿಂಗಲ್ ಫೇಸ್ ಕೊಟ್ಟ. ಓಡಿತು. ಪ್ರೊಫೆಸರಿಗೆ ಸಿಟ್ಟು ಬಂತು, ಯಾಕಂದರೆ ಅವರ ಪೇಟೆಂಟ್ ಇದ್ದ ಸರ್ಕ್ಯೂಟು ಈಗ ಗೋಡೆ ಮೊಳೆಗೆ ನೇತಾಡುತ್ತಿತ್ತು. ಆ ವೆಲ್ಡಿಂಗ್ ಹುಡುಗ ಆಮೇಲೆ ಅದೇ ನಮೂನೆಯ ಇನ್ನೂ ನಾಲ್ಕು ಮಾಡಿ ಮಾರಿದ. ಸಹಾಯಕ್ಕೆ ಇಬ್ಬರನ್ನು ಇಟ್ಟುಕೊಂಡ. ಸಂಘದವರು ಎರಡು ವರ್ಷದಲ್ಲಿ ಸಾಲ ತೀರಿಸಿದರು. ನಮ್ಮ ವಾರ್ಷಿಕ ವರದಿಯಲ್ಲಿ ಆ ಯೋಜನೆಯ ಮುಂದೆ ಹೀಗೆ ಬರೆದಿತ್ತು: 'ರಾಯಲ್ಟಿ ಆದಾಯ: ಇಲ್ಲ. ಸ್ಥಿತಿ: ಮುಕ್ತಾಯ.' ಬರೆದದ್ದು ನಾನೇ. ವರದಿಯ ನಮೂನೆಯಲ್ಲಿ ವೆಲ್ಡಿಂಗ್ ಶಾಪಿಗೆ ಕಾಲಂ ಇರಲಿಲ್ಲ.

ಈಗಲೂ ಇಲ್ಲ. ಪೇಟೆಂಟ್ ಎಷ್ಟು, ಒಪ್ಪಂದ ಎಷ್ಟು, ಸ್ಟಾರ್ಟಪ್ ಎಷ್ಟು ಅಂತ ಕೇಳುತ್ತಾರೆ. ರ‍್ಯಾಂಕಿಂಗಿಗೆ ಅದೇ ಬೇಕು. ಕಾಲೇಜುಗಳೂ ಅದನ್ನೇ ಮಾಡುತ್ತವೆ. ಯಾರೂ ಓದದ ಪೇಟೆಂಟ್ ಅರ್ಜಿಗಳ ರಾಶಿ ನೋಡಿದರೆ ನನಗೆ ಆ ಕೊಡ ಜೋಡಿಸಿಟ್ಟ ಒಲೆ ನೆನಪಾಗುತ್ತೆ. ನೀವು ನಾಳೆ ಹೊಸ ಕಂಪನಿ ಶುರು ಮಾಡೋರಿಗೆ ಜಾಗ, ನೆರವು ಕೊಡುವ ಯಾವುದಾದರೂ ಇನ್ಕ್ಯುಬೇಷನ್ ಸೆಂಟರ್‌ಗೆ ಹೋದರೆ ಅಲ್ಲಿನ ಕುರ್ಚಿ, ಕಾಫಿ ಮಿಷನ್ನು ಬಿಡಿ, ಒಂದೇ ಕೇಳಿ: 'ಇಲ್ಲಿಂದ ಹೋದವರು ಕೊನೇ ಸಲ ಯಾವಾಗ ಫೋನ್ ಮಾಡಿದ್ದರು, ನೀವು ಏನಂದಿರಿ?'

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

ಬಿಎಸ್ಸಿ ಹುಡುಗನೊಬ್ಬ ಎದ್ದು ನಿಂತು, 'ಸರ್, ಹಂಗಾದ್ರೆ ಪೇಟೆಂಟ್ ಮಾಡಿಸ್ಬೇಕಾ, ಬೇಡ್ವಾ?' ಅಂದ. ನಿನ್ನ ವಸ್ತು ಮಾರುಕಟ್ಟೆಗೆ ಬರೋಕೆ ಯಾರಾದರೂ ಕೋಟಿಗಟ್ಟಲೆ ಸುರಿಯಬೇಕು ಅಂತಿದ್ದರೆ ಮಾಡಿಸು, ಇಲ್ಲದಿದ್ದರೆ ಅವರು ಬರಲ್ಲ ಅಂದೆ. ಔಷಧಿ ಅಂಥದ್ದು. ಒಲೆ, ಡ್ರೈಯರ್, ಕಸಿಯಂಥದ್ದಾದರೆ ಆ ಫೀಸಿನ ದುಡ್ಡಿನಲ್ಲಿ ನಾಲ್ಕು ಜನಕ್ಕೆ ಕಲಿಸು ಅಂದೆ. ಅವನಿಗೆ ಅಷ್ಟು ಸಮಾಧಾನ ಆದ ಹಾಗೆ ಕಾಣಲಿಲ್ಲ. ಪೇಟೆಂಟ್ ಇದ್ದರೆ ಬಯೋಡೇಟಾದಲ್ಲಿ ಹಾಕಿಕೊಳ್ಳಬಹುದಲ್ವಾ ಸರ್ ಅಂದ. ಅದೂ ನಿಜ.

ಇನ್ನೊಬ್ಬಳು ಹುಡುಗಿ ಪ್ರಶ್ನೆ ಕೇಳಲಿಲ್ಲ, ನಾನು ಹೊರಡುವಾಗ ಬಾಗಿಲ ಹತ್ತಿರ ಬಂದಳು. ಅವಳ ತಂದೆ ಅವರೂರಿನ ಡೇರಿ ಸೆಕ್ರೆಟರಿ. 'ಸರ್, ಈಗೆಲ್ಲ ಮಿಷನ್ನೇ ಫ್ಯಾಟ್ ತೋರಿಸುತ್ತೆ, ಒಂದು ನಿಮಿಷ ಸಾಕು. ಆದ್ರೆ ನಮ್ಮಪ್ಪ ಆ ಹಳೇ ಬಾಟಲಿ, ಕೈಲಿ ತಿರುಗಿಸೋ ಮಿಷನ್ನು ಅಟ್ಟದ ಮೇಲೆ ಇಟ್ಟಿದಾರೆ. ಯಾರಾದ್ರೂ ಜಗಳಕ್ಕೆ ಬಂದ್ರೆ ಇಳಿಸ್ತಾರೆ. ಕಣ್ಣೆದುರೇ ತಿರುಗಿಸಿ ಗೆರೆ ತೋರಿಸ್ತಾರೆ. ಆಮೇಲೆ ಯಾರೂ ಮಾತಾಡಲ್ಲ.' ತಿರುಗಿಸೋದು ಯಾರು ಅಂದೆ. 'ನಾನೇ' ಅಂದಳು.